ಅಧಿಭೋಗದಾರ

ಗುರುವಾರ ಸಂಜೆ ಏಳೂವರೆಗೆ
ಭಾಗ್ಯನಗರದ ಈ ಮಾಳಿಗೆ ಕೋಣೆಯಲ್ಲಿ
ಸೆರಗಿನಿಂದ ಲ್ಯಾಪ್‌ಟಾಪ್ ಒರೆಸುತ್ತೇನೆ.
ಬೆಳಿಗ್ಗೆಯೂ ಒರೆಸಿದ್ದೆ. ಮತ್ತೆ ಸೆರಗು ಕರ್ರಗಾಯಿತು.

ಇಪ್ಪತ್ತಾರು ಚೌಕ. ಒಂದರಲ್ಲಿ ಬರೀ ಫ್ಯಾನು,
ಇನ್ನೊಂದರಲ್ಲಿ ಚೆಕ್‌ಪೋಸ್ಟಿನ ಟ್ಯೂಬ್‌ಲೈಟು, ಅದರ ಹುಳ,
ಕುಷ್ಟಗಿಯ ರೇಂಜರ್ ಸಾಹೇಬರ ಹಣೆ ಮಾತ್ರ.
ಉಳಿದವರು ಹೆಸರಷ್ಟೇ, ಮೈಕು ಮುಚ್ಚಿಕೊಂಡು.

ಏಳನೆಯ ಪಾಠ: ಮಾದರಿ ನೀರು.
ಓದುತ್ತೇನೆ: ನೋಟಿಸು ಕೊಡತಕ್ಕದ್ದು,
ಅಧಿಭೋಗದಾರನ ಸಮಕ್ಷಮ ಎರಡು ಪಾಲು ಮಾಡತಕ್ಕದ್ದು,
ಮೊಹರು ಒತ್ತತಕ್ಕದ್ದು, ಇಬ್ಬರೂ ಸಹಿ ಹಾಕತಕ್ಕದ್ದು.
ಇಪ್ಪತ್ತು ವರ್ಷ ಪ್ರಯೋಗಾಲಯದಲ್ಲಿ
ಮೊಹರು ಬಿರಿದ ಬಾಟಲಿಗಳನ್ನು ವಾಪಸು ಕಳಿಸಿದವಳು ನಾನು.
ಒಳಗಿನ ನೀರು ನಿಜವನ್ನೇ ಹೇಳುತ್ತಿತ್ತು,
ಅರಗು ಹೇಳುತ್ತಿರಲಿಲ್ಲ.

"ಮೇಡಂ, ಅಧಿಭೋಗದಾರ ಅಂದ್ರ ಯಾರ್ರಿ?
ಸಾವ್ಕಾರನೇನ್ರಿ?"
ಆರು ವಾರ ತುಟಿ ಬಿಚ್ಚದ ಯಂಕೋಬ.
ಕ್ಯಾಮೆರಾ ತಿರುಗಿಸಿದ: ಕತ್ತಲು, ಜೀಪಿನ ದೀಪ,
ಹಳ್ಳಕ್ಕೆ ಬಾಯಿಟ್ಟ ಪೈಪು,
ಅವನ ಕೈಯಲ್ಲಿ ಎರಡು ಬಾಟಲಿ.
"ಮ್ಯಾನೇಜರ್ ಬಂದಾನ್ರಿ. ಸಹಿ ಹಾಕಂಗಿಲ್ಲ ಅಂತಾನ. ಈಗ ನಾ..."

ಅಲ್ಲಿಗೆ ನಿಂತಿತು. ಬಾಯಿ ಅರೆತೆರೆದ ಮುಖ,
ನಡುವೆ ಸುತ್ತುವ ಚಕ್ರ.
ಆ ನಿಂತ ಮುಖಕ್ಕೇ ಹೇಳುತ್ತ ಹೋದೆ:
ಹಾಕದಿದ್ದರೆ ಹಾಕಲಿಲ್ಲವೆಂದು ಬರಿ, ತಾರೀಖು ಬರಿ, ಗಂಟೆ ಬರಿ,
ನೀನೊಬ್ಬನೇ ಸಹಿ ಮಾಡು, ಬಾಟಲಿ ಐಸಿನಲ್ಲಿಡು,
ಹೆದರಬೇಡ. (ಕೊನೆಯದು ಪಠ್ಯದಲ್ಲಿಲ್ಲ.)
ಉಳಿದ ಚೌಕಗಳಲ್ಲಿ ಒಂದೊಂದೇ ಮುಖ ಮೂಡಿತು.
ಯಾರೂ ಏನೂ ಅನ್ನಲಿಲ್ಲ.
ಹಾಜರಾತಿ ಪಟ್ಟಿ ಅಂದಿತು:
ಯಂಕೋಬ, ಎಂಟು ಹದಿನಾಲ್ಕಕ್ಕೆ ನಿರ್ಗಮನ.

ಹನ್ನೊಂದರ ಮೇಲೆ ಫೋಟೊ ಬಂತು.
ಬಾಟಲಿಯ ಕೊರಳಿಗೆ ಕೆಂಪರಗು, ಸೊಟ್ಟಗೆ.
ಚೀಟಿಯ ಮೇಲೆ ಅವನ ಸಹಿ, ಪಕ್ಕದಲ್ಲೊಂದು
ನೀಲಿ ಹೆಬ್ಬೆಟ್ಟು.
"ಎಮ್ಮಿ ಕಾಯೋ ಮುದುಕೀರಿ, ಹುಸೇನಮ್ಮ.
ದಿನಾ ಇಲ್ಲೇ ನೀರ್ ಕುಡಸ್ತಾಳ.
ತಾನಾಗೇ ಬಂದು ಒತ್ತಿದ್ಳು. ಇದು ನಡಿತೈತೇನ್ರಿ?"

ಕಲಂ ತೆರೆದೆ. ಉಪಕಲಂ, ವಿವರಣೆ, ನಿಯಮ, ನಮೂನೆ.
ಮಾದರಿ ತೆಗೆದವನಿದ್ದಾನೆ, ಅಧಿಭೋಗದಾರನಿದ್ದಾನೆ.
ಎಮ್ಮೆಗೆ ನೀರು ಕುಡಿಸುವವಳಿಗೆ ಅಲ್ಲಿ ಗೆರೆ ಬಿಟ್ಟಿಲ್ಲ.
"ನೋಡಿ ಹೇಳ್ತೀನಿ" ಎಂದು ಬರೆದು ಅಳಿಸಿದೆ.
ಕಿಟಕಿಯ ಗಾಳಿ ಈಗ ಗಿಣಿಗೇರಿ ಕಡೆಯದು,
ಹಲ್ಲಿನ ನಡುವೆ ಕರಕರ.
ಆಮೇಲೆ, ಕಾಯ್ದೆಯ ಕನ್ನಡದಲ್ಲೇ, ಒಂದು ಪದ ಕಳಿಸಿದೆ:
ನಡೆಯತಕ್ಕದ್ದು.