ವಿಲ್ಫ್ ಬರೋಡೇಲನ ಕಿವಿ

ಬ್ಯಾರೋ ಊರಿನ ಆಸ್ಪತ್ರೆ. ನೆಲಮಾಳಿಗೆಯಲ್ಲಿ
ಕಿವಿ ಪರೀಕ್ಷಿಸುವ ನನ್ನ ಕೋಣೆ,
ಗೋಡೆಗೆ ಗೇಣುದ್ದದ ಸ್ಪಂಜು, ತಿಜೋರಿಯಂಥ ಬಾಗಿಲು.
ಒಳಗೆ ಬಂದವನೇ ವಿಲ್ಫ್ ಬರೋಡೇಲ್
ಗಡಿಗೆ ಕೊಳ್ಳುವವರ ಹಾಗೆ ತಟ್ಟಿ ನೋಡಿದ:
‘ಪರವಾಗಿಲ್ಲ.’

ಕೇಳಿಸಿದರೆ ಗುಂಡಿ ಒತ್ತಿ, ಅಂದೆ.
‘ಮೂವತ್ತನಾಲ್ಕು ವರ್ಷ ಅದೇ ಕೆಲಸ, ಮಗಳೇ.’

ಜಲಾಂತರ್ಗಾಮಿಗೆಂದು ಒಂದು ಎಂಜಿನ್ ಕಟ್ಟುತ್ತಿದ್ದರಂತೆ
ಹಡಗುಕಟ್ಟೆಯ ಕೊನೆಯ ಶೆಡ್ಡಿನಲ್ಲಿ.
ಡೀಸೆಲ್ಲಿನದಾದರೆ ಆಗಾಗ ಮೂಗೆತ್ತಬೇಕು
ಕೆರೆಯೊಳಗಿನ ಎಮ್ಮೆಯ ಹಾಗೆ; ಮೂಗು ಕಂಡರೆ ಕತೆ ಮುಗೀತು.
ಇದು ಉಸಿರಿನ ಬುತ್ತಿ ಕಟ್ಟಿಕೊಂಡೇ ಇಳಿಯುವಂಥದು,
ಕೊರೆಯುವ ಆಮ್ಲಜನಕ, ತಿಳಿನೀಲಿ, ಉಕ್ಕಿನ ಡಬ್ಬಿಯಲ್ಲಿ.
ಸಿಡಿತವಿಲ್ಲ. ಬೆಂಕಿ ಹೊರಗೆ, ಅನಿಲ ಒಳಗೆ,
ಬಿಸಿಗೆ ಹಿಗ್ಗಿ ತಣಿದು ಕುಗ್ಗಿ
ಮಲಗಿದ ಮಗುವಿನ ಹೊಟ್ಟೆ.

ವಿಲ್ಫ್‌ನದು ಸದ್ದಿನ ಬೇಟೆ. ರಾತ್ರಿ ಪಾಳಿ.
ಉದ್ದನೆಯ ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೆ, ಹಿಡಿ ಕಿವಿಗೆ.
ಪಂಪಿನಡಿ ರಬ್ಬರು, ಕೊಳವೆಯಡಿ ರಬ್ಬರು, ರಬ್ಬರಿನಡಿಗೂ ರಬ್ಬರು.
ಒಂದು ಟಿಕ್ ಟಿಕ್ ಮಾತ್ರ ಮೂರು ವಾರ ಕಾಡಿ ಕೊನೆಗೆ ಸಿಕ್ಕಿತಂತೆ
ಮೇಸ್ತ್ರಿಯ ಬಾಯಲ್ಲಿ: ಕಟ್ಟಿಸಿದ ಹಲ್ಲು.

ಆ ದೋಣಿ ಹುಟ್ಟಲೇ ಇಲ್ಲ. ಲಂಡನ್ನಿನಿಂದ ಒಂದು ಕಾಗದ ಬಂತು.
ಎಂಜಿನ್ ನಿಲ್ಲಿಸಿದ ದಿನ ಯಾರಿಗೂ ತಿಳಿಯಲಿಲ್ಲ.
ಅಂಗೈ ಇಟ್ಟು ನೋಡಬೇಕಾಯಿತು,
ಹೋಯಿತೋ, ಇದೆಯೋ.

ಬಾಗಿಲು ಹಾಕಿ ಸದ್ದು ಕಳಿಸಿದೆ.
ಐನೂರು ಹರ್ಟ್ಜ್, ಒತ್ತಿದ. ಸಾವಿರ, ಒತ್ತಿದ, ತಡವಾಗಿ.
ನಾಲ್ಕು ಸಾವಿರಕ್ಕೆ ನನ್ನ ಗೆರೆ ಬಾವಿಗೆ ಬಿತ್ತು.
(ಪಕ್ಕದ ಶೆಡ್ಡಿನಲ್ಲಿ ಹಗಲೂ ರಾತ್ರಿ ತಗಡು ಬಡಿಯುತ್ತಿದ್ದರು.
ಅದಕ್ಕೆ ಯಾರೂ ರಬ್ಬರು ಕೊಟ್ಟಿರಲಿಲ್ಲ.)

ಕೈ ತೆಗೆದು ಸುಮ್ಮನೆ ಕೂತೆ.
ಏನೂ ಕಳಿಸಿರಲಿಲ್ಲ. ಅವನು ಒತ್ತಿದ.
ಮತ್ತೆ ಒತ್ತಿದ.

ಹೊರಗೆ ಬಂದು ಅಂದ: ‘ಒಂದು ಗುಂಯ್ ಇದೆ.
ಹೆಂಡತಿ ಹೋದಾಗಿನಿಂದ ಜಾಸ್ತಿ.
ಎಲ್ಲಿ ಅಂತ ಸಿಗ್ತಾ ಇಲ್ಲ. ಸಿಕ್ಕರೆ
ಅಡಿಗೆ ಏನಾದರೂ ಇಡಬಹುದಿತ್ತು.’

ಕೋಟು ತೊಟ್ಟ. ಹೊರಡುವಾಗ ನನ್ನ ಯಂತ್ರದ ಮೇಲೆ
ಅಂಗೈ ಇಟ್ಟ, ಜ್ವರ ನೋಡುವಂತೆ.
ವಾಲ್ನಿ ಬಸ್ಸಿನ ಟಿಕೇಟು ನಾಲ್ಕಾಗಿ ಮಡಿಸಿ
ಒಂದು ಕಾಲಿನಡಿ ತುರುಕಿದ.

ನಿಂತ ಮೇಲೆ ಕೇಳಿಸಿತು ನನಗೆ
ನಾಲ್ಕು ವರ್ಷದ ಆ ಗಡಗಡ.