ಮಡಗಿದ್ದಕ್ಕೆ ಬಾಡಿಗೆ

ಕಲ್ಲಹಳ್ಳಿ ದಾಟಿದ ಮ್ಯಾಲೆ ಎಡಕ್ಕೆ,
ಒಲೆ ಆರಿದ ಆಲೆಮನೆ ನಮ್ಮದು.
ಸಿಪ್ಪೆ ಒಣಗ್ತಿದ್ದ ಬಯಲಲ್ಲಿ ಈಗ ಕಾರು ಒಣಗ್ತವೆ.
ತಗಡಿನ ಮ್ಯಾಲೆ ನಾನೇ ಸುಣ್ಣದಲ್ಲಿ ಬರ್ದಿವ್ನಿ:
ಇಲ್ಲಿ ಗಾಡಿ ಮಡಗಿ, ಏರ್‌ಪೋರ್ಟ್ ಬಸ್ ಹತ್ತಿ.
ದಿನಕ್ಕೆ ಅರವತ್ತು. ವಾರಕ್ಕೆ ಮುನ್ನೂರೈವತ್ತು.
ನೆಳ್ಳು ಬೇಕಂದ್ರೆ ಹತ್ತು ಜಾಸ್ತಿ,
ಹೊಂಗೆ ಮರ ಒಂದೇ ಇರೋದು.

ಎಲ್‌ಐಸಿ ಚಿಕ್ಕಲಿಂಗಯ್ಯನೋರು ಒಂದಿನ
ಬಾನೆಟ್ ಮ್ಯಾಲೆ ಪೇಪರ್ ಹಾಸಿ ಲೆಕ್ಕ ಹಾಕುದ್ರು:
"ಅಲ್ಲಿ ಬಾಗಿಲ ಮುಂದೆ ನಿಲ್ಸಿದ್ರೆ ನಿಮಿಷಕ್ಕೊಂದು ರೇಟು,
ಮಾಳಿಗೆ ಮ್ಯಾಲೆ ನಿಲ್ಸಿದ್ರೆ ಗಂಟೆಗೊಂದು,
ದೂರದ ಬಯಲಾದ್ರೆ ದಿನಕ್ಕೊಂದು,
ಕೀ ಕೊಟ್ಬುಟ್ರೆ ಅವರೇ ನಿಲ್ಸ್ತರೆ, ಅದಕ್ಕೆ ಇನ್ನೊಂದು.
ಚೀಟಿ ಕಳದ್ರೆ ದಂಡ, ತಾಯಮ್ಮ, ದಂಡ!"
ನಂಗೆ ನಗ ಬಂತು.
ಕಡಿಯೋದಕ್ಕೆ ಕೂಲಿ ಕೇಳಿವ್ನಿ, ಅರೆಯೋದಕ್ಕೆ ಕೂಲಿ ಕೇಳಿವ್ನಿ,
ಸುಮ್ನೆ ನಿಂತಿದ್ದಕ್ಕೂ ಕೂಲಿಯಾ ಅಂದೆ.
"ನೀನೂ ಇಸ್ಕತೀಯಲ್ಲ" ಅಂದ್ರು.
ಹೌದಲ್ಲ.

ಪುಸ್ತಕ ಹಳೇದೇ, ಆಲೆಮನೆದು.
ರೈತರ ಹೆಸರಿದ್ದ ಕಡೆ ಗಾಡಿ ನಂಬ್ರ,
ಎಷ್ಟು ಹೊರೆ ಅಂತಿದ್ದ ಕಡೆ ಎಷ್ಟು ದಿನ.
ತೂಕ ಅಂತ ಅಚ್ಚಾಗಿರೋ ಕಲಂ ಮಾತ್ರ
ನಾಕು ವರ್ಷದಿಂದ ಖಾಲಿ.
ಕಾರಿಗೆ ಯಾವ ತೂಕ ಬರೀಲಿ?

ಮಣ್ಣಲ್ಲಿ ಬೆಲ್ಲ ಇನ್ನೂ ಅದೆ.
ಹನಿ ಬಿದ್ದ ಮಾರನೇ ದಿನ ಇರುವೆ ಎದ್ದು
ಟೈರು ಹತ್ತಿ, ಬಾಗಿಲ ಸಂದಿ ಹಿಡಿದು, ಸೀಟಿನ ಗಂಟ ಒಯ್ತವೆ.
ದುಬೈ ನೋಡ್ಕಂಡು ಬಂದೋರು ಕೂತ ತಕ್ಷಣ ಎದ್ದು ಬೈತರೆ.
ಬೂದಿ ಎರಚ್ತೀನಿ. ಇನ್ನೇನ್ ಮಾಡಾನ?

ಮಿಷನ್ ಆಸ್ಪತ್ರೆ ಫ್ಲೇವಿಯಾ ಸಿಸ್ಟರ್‌ದು ಬಿಳೇ ಮಾರುತಿ.
"ನಾಕೇ ದಿನ ತಾಯಮ್ಮ, ಮಸ್ಕತ್ತು, ತಂಗಿ ನೋಡ್ಕಂಡು ಬಂದ್ಬುಡ್ತೀನಿ,
ಬಸುರಿ ಹುಡುಗಿ, ಒಬ್ಬಳೇ ಅವಳೆ" ಅಂದು
ನೆಳ್ಳಿನ ಹತ್ತನ್ನೂ ಸೇರಿಸಿ ಕೊಟ್ಟು ಬಸ್ ಹತ್ತುದ್ರು.

ನಾಕು ದಿನ ಆಯ್ತು. ಹತ್ತಾಯ್ತು.
ಗಾಜಿನ ಮ್ಯಾಲೆ ಧೂಳು ಕೂತು ಕಾರು ಕಣ್ಣು ಮುಚ್ಕಂತು.
ಯಾವನೋ ಹುಡುಗ ಬೆರಳಲ್ಲಿ 'ತೊಳೀರಿ' ಅಂತ ಬರೆದ.
ಮೂವತ್ತೆರಡನೇ ದಿನ ಅದರ ಕೆಳಗೆ ಕರೀ ಬೆಕ್ಕು ಮೂರು ಮರಿ ಹಾಕ್ತು.
ಫೋನ್ ಮಾಡುದ್ರೆ ಯಾವಳೋ ಅರಬ್ಬಿಲಿ ಏನೋ ಹೇಳೋಳು.
ನಾನೂ ಹೇಳ್ದೆ, ಕನ್ನಡದಲ್ಲಿ:
ಗಾಡಿ ಅದೆ, ಭಯ ಬೇಡ.
ರಾತ್ರಿ ನಿದ್ದೆ ಬರದಿದ್ರೆ ಚಿಕ್ಕಲಿಂಗಯ್ಯನ ರೇಟಲ್ಲಿ ಗುಣಿಸ್ತಿದ್ದೆ.
ಅಲ್ಲಾಗಿದ್ರೆ ಇಷ್ಟೊತ್ತಿಗೆ ಕಾರು ಮಾರುದ್ರೂ ತೀರ್ತಿರ್ನಿಲ್ಲ.

ನಲವತ್ತೊಂದನೇ ದಿನ ಸೂಟ್‌ಕೇಸು ಮಣ್ಣಲ್ಲಿ ಎಳ್ಕಂಡು ಬಂದ್ರು.
ವಸಿ ಇಳಿದೋಗಿದ್ರು. ನೀರು ಕೊಟ್ಟೆ.
"ಏಳು ತಿಂಗಳಿಗೇ ಹುಟ್ಬುಡ್ತು ತಾಯಮ್ಮ, ಅಂಗೈಯಷ್ಟು.
ಗಾಜಿನ ಪೆಟ್ಟಿಗೇಲಿ ಮಡಗಿದ್ರು,
ದಿನಕ್ಕಿಷ್ಟು ಅಂತ."
ದಿನಕ್ಕಿಷ್ಟು.
ಬಿಸುಪಿಗೆ ಬೇರೆ ಜಾಸ್ತಿಯಾ ಅಂತ ಕೇಳಕ್ಕೋದೋಳು
ನಾಲಿಗೆ ಕಚ್ಕಂಡೆ.

ದುಡ್ಡು ಬಿಡ್ನಿಲ್ಲ, ಸುಳ್ಳು ಯಾಕೆ ಹೇಳ್ಲಿ.
ಬೆಕ್ಕು ಬಾಣಂತನ ಮಾಡ್ಕಂಡ ಒಂಬತ್ತು ದಿನ ಕಳೆದು
ಮಿಕ್ಕಿದ್ದಕ್ಕೆ ಇಸ್ಕಂಡೆ.
ಸಿಸ್ಟರ್ ಎರಡು ಸಲ ಎಣಿಸಿ ಕೊಟ್ರು.
ಮರೀನ ಒಂದೊಂದಾಗಿ ಮೊರಕ್ಕೆ ಎತ್ತಿಟ್ಟೆ.
ಕಾರು ಹತ್ನಿಲ್ಲ, ಬ್ಯಾಟರಿ ಸತ್ತಿತ್ತು.
ನಾನೂ ಎಳನೀರು ಆಟೋ ಹುಡುಗ್ನೂ ರಸ್ತೆ ಗಂಟ ತಳ್ಳಿದೊ.
ಕೆಮ್ಮಿ ಕೆಮ್ಮಿ ಹತ್ಕಂತು.
ಕಿಟಕಿ ತಾವ ಓಡ್ತಾನೇ ಕೇಳ್ದೆ, ಈಗ ಏಟದೆ ಕೂಸು?
"ಎರಡು ಕೇಜಿ ನೂರು!"

ಒಳಕ್ಕೆ ಬಂದು ಪುಸ್ತಕ ತೆಗೆದೆ.
ಬಿಳೇ ಮಾರುತಿ ಸಾಲು ಹುಡುಕಿ
ತೂಕದ ಕಲಂನಾಗೆ ಬರ್ದೆ.

ಆಚೆ ಬೆಕ್ಕು ಮರಿ ಕಚ್ಕಂಡು
ಪಕ್ಕದ ಇನ್ನೋವಾ ಕೆಳಕ್ಕೆ ಒಯ್ತಿತ್ತು.
ಅದು ಬಿಸಿಲಲ್ಲಿ ನಿಂತಿರೋ ಗಾಡಿ, ದಿನಕ್ಕೆ ಅರವತ್ತೇ.