ತುಕ್ಕು ಮಾತ್ರ ಇಲ್ಲೀದು

ಝುವಾರಿನಗರದ ನಮ್ಮ ಶೆಡ್ಡಿಗೆ
ಚೌಕ ಪೈಪು ರಾಜಕೋಟದಿಂದ ಬರತದ,
ಹಲಗಿ ಕೇರಳದ್ದು, ರಾಡು ಪುಣೆಯದು,
ಬೆಸುಗೆ ಹಾಕೋ ಕೈ ಮುದ್ದೇಬಿಹಾಳದ್ದು.
ಸಮುದ್ರದ ಗಾಳಿಗೆ ಒಂದೇ ರಾತ್ರಿಯೊಳಗ ಹತ್ತೋ
ತುಕ್ಕು ಮಾತ್ರ ಇಲ್ಲೀದು.

ಹೋದ ವರ್ಷ ಶಾಲೆ ಬೆಂಚಿನ ಟೆಂಡರಿಗೆ
ಎಲ್ಲರಿಗಿಂತ ಕಡಿಮಿ ದರ ನಂದೇ ಇತ್ತು.
ಇನ್ನೂರ ನಲವತ್ತು ಬೆಂಚು.
ಮಡಗಾಂವಿನ ಕಚೇರಿಯೊಳಗ ಬರೆಟ್ಟೊ ಸಾಹೇಬ
ಕನ್ನಡಕ ಹಣಿಮ್ಯಾಲ ಏರಿಸಿ ನಿಧಾನಕ ಹೇಳಿದ:
"ಬಾಯಿ, ಊರವರಿಗೆ ಮೊದಲ ಪಾಳಿ ಅಂತ ಕಾನೂನು ಬಂದದ.
ನಿನ್ನ ದರಕ್ಕ ಅವರು ಇಳಿದರ ಕೆಲಸ ಅವರದು."
ಅವರು ಇಳಿದರು.
ನಾನು ಮೂರು ರಾತ್ರಿ ಕೂತು ಗುಣಿಸಿದ ಲೆಕ್ಕಕ್ಕ
ವೆರ್ಣೇಕರ ಒಂದು ಸಹಿ ಹಾಕಿದ.

ಸಿಟ್ಟು ಬಂತು. ಅನ್ಯಾಯ ಅನ್ನಾಕ ಮಾತ್ರ ನಾಲಗಿ ಹೊರಳಲಿಲ್ಲ.
ನಮ್ಮಪ್ಪ ಇದೇ ರಸ್ತೆಗೆ ಜಲ್ಲಿ ಒಡೆದಾಂವ.
ದಿಲ್ಲಿಯ ಕಂಪನಿ ಡಾಂಬರಿನ ಗುತ್ತಿಗಿ ಹಿಡಿದಾಗ ಅಂದಿದ್ದ:
"ಧೂಳು ನುಂಗಿದವರ ತಾಟಿಗೆ
ಒಂದು ತುತ್ತು ಹೆಚ್ಚಿಗಿ ಬೀಳಬೇಕು."
ಅದು ಕಾನೂನಾಗಿ ಬರೋದರೊಳಗ ಅಂವಾ ಇರಲಿಲ್ಲ.
ಬಂದಾಗ ಅದರೊಳಗ ನಾವೂ ಇರಲಿಲ್ಲ.

ಆಮ್ಯಾಲ ಕಾಗದದ ಬೆನ್ನು ಹತ್ತಿದೆ.
ಬೈನಾದ ಶಾಲೆಯ ಹಾಜರಿ ಪುಸ್ತಕ,
ಅದರೊಳಗ ನಾನು ಶಂಕ್ರೆವ್ವ ಅಲ್ಲ, 'ಸಂಕ್ರಾ'.
ಕರೆಂಟಿನ ಬಿಲ್ಲು. ಅಪ್ಪನ ಸಾವಿನ ಚೀಟಿ.
ಸಾವು ಇಲ್ಲಿ ಆಗಿದ್ದಕ್ಕ ನಾವು ಇಲ್ಲಿಯವರಾದೆವು.
ತಲಾಟಿ ಕೊಂಕಣಿಯೊಳಗ ಬೈದ,
ನಾನು ಕೊಂಕಣಿಯೊಳಗೇ ಜಗಳ ತೆಗೆದೆ.
ನಕ್ಕು ಠಸ್ಸೆ ಒತ್ತಿದ.

ಇವತ್ತು ಅದೇ ಕಚೇರಿ, ಅದೇ ಕಿರಗುಟ್ಟೋ ಫ್ಯಾನು.
ಕಡಿಮಿ ದರ ಪರಿಡಾ ಅನ್ನಾಂವಂದು,
ಒಡಿಶಾದಾಂವ, ಕುಂಕಳ್ಳಿಯೊಳಗ ಶೆಡ್ಡು.
ಅಕ್ಕಿಚೀಲದೊಳಗ ಫೈಲು ಸುತ್ತಿಕೊಂಡು
ಬಾಗಿಲ ಹತ್ತಿರ ಬೆಂಚಿನ ತುದಿಗೆ ಕೂತಿದ್ದ,
ಹೋದ ವರ್ಷ ನಾನು ಕೂತಿದ್ದಲ್ಲೇ.
"ಬಾಯಿ, ಈಗ ನೀ ಊರಾಕಿ," ಅಂದ ಬರೆಟ್ಟೊ.
"ಅವನ ದರಕ್ಕ ಇಳೀತೀಯೇನು?"

ನನ್ನ ಪೆನ್ನು ಮೂಡಲಿಲ್ಲ.
ಪರಿಡಾ ಎದ್ದು ಬಂದು ತನ್ನದು ಕೊಟ್ಟ.
ಯಾತಕ್ಕಂತ ಅವನಿಗೆ ಗೊತ್ತಿತ್ತೋ ಇಲ್ಲೋ.
ಸಹಿ ಹಾಕಿದೆ.

ರಾತ್ರಿ ಲೆಕ್ಕಕ್ಕ ಕೂತರ
ಆ ದರದೊಳಗ ಬೆಂಚು ನಿಲ್ಲವಲ್ದು.
ರಾಡು ಉಳಿಸಿದರೂ, ಬಣ್ಣ ಒಂದು ಕೈ ಬಿಟ್ಟರೂ,
ನನ್ನ ಕೂಲಿ ನಾನೇ ನುಂಗಿದರೂ
ಒಂದೊಂದು ಬೆಂಚಿಗೆ ಎಂಬತ್ತು ರೂಪಾಯಿ ಕಡಿಮಿ ಬೀಳತದ.
ಅಂವಾ ಹ್ಯಾಂಗ ಮಾಡತಿದ್ದ?

ನಾಳೆ ಕುಂಕಳ್ಳಿಗೆ ಹೋಗಬೇಕು.
ಪೆನ್ನು ಕೊಡಾಕ ಬಂದೀನಿ ಅಂತ ಹೇಳಬೇಕು.